ಇಪ್ಪತ್ತಾರು ಜೊತೆ ಸಮವಸ್ತ್ರ

ಟೇಪಕ್ಕ ದೊಡ್ಡ ಟೀಚರನ್ನು ಮೊಟ್ಟಮೊದಲು ಕಂಡದ್ದು ಬೆನ್ನ ಕಡೆಯಿಂದ. ಹನ್ನೊಂದು ವರ್ಷದ ಹಿಂದಿನ ಮಾತು. ಶಾಲೆ ತೆರೆಯಲು ಇನ್ನೂ ನಾಲ್ಕು ದಿನವಿತ್ತು. ಅವಳು ಮುಂಗೋಣೆಯ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಒಂದು ಚಡ್ಡಿಗೆ ಇಲಾಸ್ಟಿಕ್ ತೂರಿಸುತ್ತಿದ್ದಳು. ಮಧ್ಯಾಹ್ನದ ಬಸ್ಸು ಬಂದು ಹೋದ ಸದ್ದಾಯಿತು. ತಲೆ ಎತ್ತುವಷ್ಟರಲ್ಲಿ ಎತ್ತರದ ಹೆಂಗಸೊಬ್ಬರು ಕಿಟಕಿ ದಾಟಿ ಮುಂದೆ ಹೋಗಿಯಾಗಿತ್ತು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಮಡಚಿದ ಛತ್ರಿ, ಮೈಮೇಲೆ ಬೂದುಬಣ್ಣದ ಕೋಟು. ಕೋಟು ಭುಜದಿಂದ ಸೊಂಟದವರೆಗೆ ಬಾಯಿ ಬಿಟ್ಟುಕೊಂಡು, ಒಳಗಿನ ಬಿಳಿ ಅಸ್ತರು ಬಾಲದ ಹಾಗೆ ಜೋತಾಡುತ್ತಿತ್ತು.

"ರೀ ಕೋಟಿನೋರೇ, ನಿಲ್ರಿ! ನಿಮ್ಮ ಒಳಗಿಂದೆಲ್ಲ ಹೊರಗೆ ಬಂದಿದೆ!"

ಹೆಂಗಸು ಗಾಬರಿಯಾಗಿ ಟ್ರಂಕನ್ನು ತಿರುಗಿಸಿ ನೋಡಿದರು.

"ಟ್ರಂಕಿಂದಲ್ಲ, ಬೆನ್ನಿಂದ. ಒಳಗೆ ಬನ್ನಿ."

ಬಸ್ಸಿನ ಬಾಗಿಲಿನ ಮೊಳೆಗೆ ಸಿಕ್ಕಿ ಹರಿದದ್ದಂತೆ. "ಹರಿದ ಸದ್ದು ಕೇಳಿಸ್ತು. ಪಕ್ಕದವರದು ಅಂದ್ಕೊಂಡೆ," ಎಂದರು ಅವರು.

"ಎಲ್ಲರೂ ಹಾಗೇ ಅಂದ್ಕೊಳ್ಳೋದು. ಬಿಚ್ಚಿ ಕೊಡಿ."

ಬಂದವರು ಶಾಲೆಗೆ ಹೊಸದಾಗಿ ನೇಮಕವಾದ ಟೀಚರ್. ಟೇಪಕ್ಕ ಕೋಟು ಹೊಲಿಯುತ್ತಿದ್ದಾಗ ಅವರು ಸುಮ್ಮನಿರಲಾರದೆ, "ಇಲ್ಲಿ ಎಷ್ಟು ಮಕ್ಕಳಿದ್ದಾರೆ?" ಎಂದು ಕೇಳಿದರು. ಟೇಪಕ್ಕ ಪೆಡಲ್ ತುಳಿಯುತ್ತಲೇ ಶುರುಮಾಡಿದಳು. ಮೂಲೆಮನೆಯಲ್ಲಿ ಮೂವರು, ಮೂವರಿಗೂ ಮೊದಲು ಕಾಲು ಬೆಳೆಯುತ್ತದೆ, ಆಮೇಲೆ ಮೈ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಇಬ್ಬರು, ದೊಡ್ಡವನ ಚಡ್ಡಿ ವರ್ಷಕ್ಕೆ ಎರಡು ಸಲ ಹಿಂಭಾಗದಲ್ಲೇ ಸವೆಯುತ್ತದೆ, ಅವನು ಕೂತಲ್ಲಿ ಕೂರುವವನಲ್ಲ. ಹೀಗೆ ಮನೆ ಮನೆ ಹಿಡಿದುಕೊಂಡು ಹೋಗಿ ತೊಂಬತ್ತನಾಲ್ಕಕ್ಕೆ ನಿಲ್ಲಿಸಿದಳು. ಟೀಚರ್ ಅಷ್ಟರಲ್ಲಿ ಟ್ರಂಕಿನಿಂದ ನೋಟ್‌ಬುಕ್ ತೆಗೆದು, "ನಿಧಾನಕ್ಕೆ ಇನ್ನೊಂದ್ಸಲ ಹೇಳಿ, ಬರ್ಕೋತೀನಿ," ಎಂದಿದ್ದರು. ಆ ವರ್ಷದ ಹಾಜರಿ ಪುಸ್ತಕದ ಕರಡು ತಯಾರಾದದ್ದು ಟೇಪಕ್ಕನ ಮುಂಗೋಣೆಯಲ್ಲಿ.

ಹೊರಡುವಾಗ ಟೀಚರ್, "ಒಂದು ವರ್ಷ ಇರ್ತೀನಷ್ಟೆ. ಆಮೇಲೆ ವರ್ಗ ಕೇಳ್ಕೋತೀನಿ," ಎಂದರು. ಅವರು ಎಲ್ಲಿಗೂ ಹೋಗಲಿಲ್ಲ. ಹೋದದ್ದು ಉಳಿದವರೆಲ್ಲ.

ಕುತ್ತಿಗೆಗೆ ಸದಾ ಅಳತೆಯ ಟೇಪು ನೇತುಹಾಕಿಕೊಂಡಿರುತ್ತಿದ್ದುದರಿಂದ ಅವಳಿಗೆ ಟೇಪಕ್ಕ ಎಂಬ ಹೆಸರು ಬಿದ್ದಿತ್ತು. ದೊಡ್ಡ ಟೀಚರಿಗೆ ಆ ಹೆಸರು ಬಂದದ್ದು ಶಾಲೆಯಲ್ಲಿ ಚಿಕ್ಕ ಟೀಚರ್ ಒಬ್ಬರು ಇದ್ದುದರಿಂದ. ಮಕ್ಕಳು ಕಡಿಮೆಯಾದ ಮೇಲೆ ಚಿಕ್ಕ ಟೀಚರನ್ನು ಬೇರೆ ಕಡೆಗೆ ಹಾಕಿದರು. ಇಡೀ ಶಾಲೆಗೆ ಒಬ್ಬರೇ ಉಳಿದರೂ ದೊಡ್ಡ ಟೀಚರ್ ದೊಡ್ಡ ಟೀಚರಾಗಿಯೇ ಉಳಿದರು.

ಆ ಊರು ನಿಂತದ್ದು ಹೆಂಚಿನ ಕಾರ್ಖಾನೆಯ ಮೇಲೆ. ಹೆಂಚು ಸುಡುವ ನಾಲ್ಕು ಗೂಡುಗಳು, ನಾಲ್ಕು ಚಿಮಣಿ. ಊರಿನ ಅರ್ಧ ಗಂಡಸರು ಮಣ್ಣು ಕಲಸುವವರು, ಇನ್ನರ್ಧ ಬೆಂಕಿ ಕಾಯುವವರು. ಜನ ಮನೆಗೆ ಹೆಂಚು ಹೊದಿಸುವುದನ್ನು ಬಿಟ್ಟು ಶೀಟು ಹಾಕತೊಡಗಿದರು. ಒಂದು ಗೂಡು ಆರಿತು, ಎರಡು ವರ್ಷ ಬಿಟ್ಟು ಇನ್ನೊಂದು. ಬೆಂಕಿ ಬಲ್ಲವರಿಗೆ ಆರು ಗಂಟೆ ದೂರದ ಬಾಟಲಿ ಕಾರ್ಖಾನೆಯಲ್ಲಿ ಕೆಲಸವಿತ್ತು. ಅಲ್ಲಿಯೂ ಕುಲುಮೆ, ಅಲ್ಲಿಯೂ ಪಾಳಿ. ಮೊದಲು ಒಬ್ಬ ಹೋದ, ಅವನು ತಮ್ಮನನ್ನು ಕರೆದ, ತಮ್ಮ ಭಾವನನ್ನು ಕರೆದ. ಮೊದಲು ಗಂಡಸರು ಮಾತ್ರ ಹೋದರು. ಆಮೇಲೆ ಹೆಂಗಸರು ಪಾತ್ರೆಪಡಗ ಕಟ್ಟಿದರು. ಐದು ಬಾರಿ ಬರುತ್ತಿದ್ದ ಬಸ್ಸು ಎರಡು ಬಾರಿ ಬರತೊಡಗಿತು. ಕ್ಷೌರದವನು ಅಂಗಡಿ ಮುಚ್ಚಿ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬರತೊಡಗಿದ. ಯಾರದಾದರೂ ಬೀರು ಎತ್ತಿ ಲಾರಿಗೆ ಹಾಕಬೇಕಾದರೆ ನಾಲ್ಕು ಜನ ಗಟ್ಟಿಗರು ಸಿಗುವುದು ಕಷ್ಟವಾಯಿತು. ಎತ್ತುವವರೇ ಹಿಂದಿನ ಲಾರಿಯಲ್ಲಿ ಹೋಗಿದ್ದರು.

ಟೇಪಕ್ಕನ ಗಂಡ ಮೂರನೆಯ ಗೂಡಿನ ಬೆಂಕಿ ಕಾಯುವವನು. ಅದು ಆರಿದ ವಾರವೇ ಬಾಟಲಿ ಊರಿಗೆ ಹೋದ. ಮಗಳು ನರ್ಸಿಂಗ್ ಕಲಿಯಲು ಇನ್ನೊಂದು ಊರಿಗೆ. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಗಂಡ ಫೋನ್ ಮಾಡಿದಾಗಲೆಲ್ಲ ಒಂದೇ ರಾಗ.

"ಯಾವಾಗ ಬರ್ತೀಯ?"

"ಶಾಲೆ ಇರೋವರೆಗೂ ನಾನು ಇಲ್ಲೇ. ಮಕ್ಕಳು ಬೆತ್ತಲೆ ಹೋಗಬೇಕಾ?"

"ಊರಲ್ಲಿ ಮಕ್ಕಳೆಲ್ಲಿದಾರೆ?"

"ಇಪ್ಪತ್ತಾರು ಇದಾರೆ. ಹಾಜರಿ ಪುಸ್ತಕದಲ್ಲಿದೆ."

ಇಪ್ಪತ್ತರ ಕೆಳಗಿಳಿದರೆ ಶಾಲೆಯನ್ನು ಒಂಬತ್ತು ಕಿಲೋಮೀಟರು ದೂರದ ಕೂಡುರಸ್ತೆಯ ಶಾಲೆಯೊಂದಿಗೆ ಸೇರಿಸುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಶಾಲೆ ಹೋದರೆ ಟೇಪಕ್ಕನ ಕೆಲಸವೂ ಹೋದಂತೆಯೇ. ದೊಡ್ಡವರ ಬಟ್ಟೆ ಹೊಲಿಸುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ದೊಡ್ಡ ರಜೆ ಶುರುವಾದ ಮೇಲೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಸಮವಸ್ತ್ರದ ಬಟ್ಟೆಯ ಪಿಂಡಿ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆಯೋ ಅಷ್ಟು ಜೊತೆಗೆ ಸಾಕಾಗುವಷ್ಟು. ಆ ಹೊತ್ತಿಗೆ ಮಕ್ಕಳು ಊರಲ್ಲಿರುವುದಿಲ್ಲ. ತಾಯಂದಿರು ಮನೆಗೆ ಬೀಗ ಹಾಕಿ ಅವರನ್ನು ಕರೆದುಕೊಂಡು ಅಪ್ಪಂದಿರ ಹತ್ತಿರ ಹೋಗಿರುತ್ತಾರೆ. ಹಾಗಾಗಿ ಟೇಪಕ್ಕ ಅಳತೆ ಹಿಡಿಯುವುದನ್ನೇ ಬಿಟ್ಟಿದ್ದಳು. ಹೋದ ವರ್ಷದ ಅಳತೆ ತಲೆಯಲ್ಲಿರುತ್ತಿತ್ತು, ಅದಕ್ಕೆ ರಜೆಯಲ್ಲಿ ಬೆಳೆಯುವ ಎರಡು ಬೆರಳು ಸೇರಿಸಿ ಕತ್ತರಿ ಹಾಕುತ್ತಿದ್ದಳು. ಯಾವ ಮಗುವಿಗೆ ಎರಡು, ಯಾವುದಕ್ಕೆ ಒಂದೂವರೆ ಎಂಬುದು ಕೂಡ ಗೊತ್ತಿತ್ತು. ಶಾಲೆ ತೆರೆದ ದಿನ ಎಲ್ಲರಿಗೂ ಹೊಸ ಬಟ್ಟೆ ಸಿದ್ಧ. ಒಂದು ಸಲವೂ ತಪ್ಪಿರಲಿಲ್ಲ.

ಆ ವರ್ಷ ಇಪ್ಪತ್ತಾರು ಜೊತೆಗೆ ಬಟ್ಟೆ ಬಂತು. ಇಪ್ಪತ್ತಾರು ಜೊತೆ ಕತ್ತರಿಸಿ ಹೊಲಿದಳು. ಶಾಲೆ ತೆರೆದ ದಿನ ಪಿಂಡಿ ಹೊತ್ತು ಶಾಲೆಗೆ ಹೋದಳು. ಬೆಂಚುಗಳ ಮೇಲೆ ಹನ್ನೊಂದು ಮಕ್ಕಳು ಕೂತಿದ್ದರು.

"ಉಳಿದೋರು?"

"ಬರ್ತಾರೆ, ಬರ್ತಾರೆ. ಇನ್ನೂ ಮೊದಲ ದಿನ," ಎಂದರು ದೊಡ್ಡ ಟೀಚರ್. ಅವಳ ಮುಖ ನೋಡದೆ ಕಪ್ಪುಹಲಗೆ ಒರೆಸುತ್ತಿದ್ದರು. ಹಲಗೆ ಆಗಲೇ ಸ್ವಚ್ಛವಾಗಿತ್ತು.

ಒಂದು ವಾರ ಕಳೆಯಿತು, ಎರಡಾಯಿತು. ಹದಿನೈದು ಜೊತೆ ಬಟ್ಟೆ ಮುಂಗೋಣೆಯ ಮಂಚದ ಮೇಲೆ ಮಡಚಿದ ಹಾಗೆಯೇ ಕೂತಿತ್ತು. ಟೇಪಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಟ್ಟೆಗಳನ್ನು ಉದ್ದದ ಪ್ರಕಾರ ಜೋಡಿಸಿದಳು, ಮತ್ತೆ ಕೆಡಿಸಿ ಮನೆಗಳ ಪ್ರಕಾರ ಜೋಡಿಸಿದಳು. ಊಟಕ್ಕೆ ಕೂತಾಗಲೂ ಬಲಗಾಲು ಪೆಡಲ್ ತುಳಿದ ಹಾಗೆ ತಾನಾಗಿ ಆಡುತ್ತಿತ್ತು.

"ಕಾಲು ನಿಲ್ಲಿಸೇ ತಾಯಿ, ನೆಲ ಸವೆದೀತು," ಎಂದಳು ಅತ್ತೆ. "ಮನೆಯೊಳಗೆ ನೀನು ಹೀಗೆ ಗಿರಗಿರ ತಿರುಗಿದ್ರೆ ನನಗೆ ತಲೆ ಸುತ್ತುತ್ತೆ. ಬಸ್ ಹತ್ತು, ಹೋಗಿ ಕೊಟ್ಟು ಬಾ."

"ಅವರು ಇವತ್ತೋ ನಾಳೆಯೋ ಬಂದುಬಿಟ್ರೆ?"

"ಬಂದ್ರೆ ನಾನಿಲ್ವಾ, ಬಾಗಿಲಲ್ಲಿ ಕೂತಿರ್ತೀನಿ. ಬರಲ್ಲ ಬಿಡು."

ಬಾಟಲಿ ಊರಿಗೆ ಹೋಗುತ್ತೇನೆಂದು ಹೇಳಿದಾಗ ದೊಡ್ಡ ಟೀಚರ ಮುಖ ಸಪ್ಪಗಾಯಿತು. "ಅಷ್ಟು ದೂರ ಯಾಕೆ? ಪಾರ್ಸೆಲ್ ಮಾಡಿದ್ರೆ ಸಾಕಲ್ಲ," ಎಂದರು. ಟೇಪಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆ ಮೈಗೆ ಕೂತದ್ದನ್ನು ಕಣ್ಣಾರೆ ನೋಡದೆ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

ಬಾಟಲಿ ಊರಿನಲ್ಲಿ ಅವರ ಕಡೆಯವರೆಲ್ಲ ಒಂದೇ ಕಡೆ ಇದ್ದರು. ಕಾರ್ಖಾನೆಯ ಹಿಂಗೋಡೆಗೆ ಎದುರಾಗಿ ಉದ್ದನೆಯ ಒಂದು ಕಟ್ಟಡ, ಇಪ್ಪತ್ತೆರಡು ಕೋಣೆ, ಒಂದು ನಲ್ಲಿ. ನೆಲದಲ್ಲಿ ಎಲ್ಲೆಂದರಲ್ಲಿ ಗಾಜಿನ ಚೂರು ಮಿನುಗುತ್ತಿತ್ತು. ಮಕ್ಕಳು ನೋಡಿ ನೋಡಿ ಹೆಜ್ಜೆ ಇಡುವುದನ್ನು ಕಲಿತಿದ್ದರು. ಗೋಡೆಯ ಆಚೆಯಿಂದ ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ಹಗಲಿಡೀ ನಿಲ್ಲದೆ ಕೇಳುತ್ತಿತ್ತು. ನಸುಕಿನಲ್ಲೇ ಬಸ್ಸು ಹತ್ತಿದ್ದ ಅವಳು ಬೆಳಿಗ್ಗೆ ಹತ್ತು ಗಂಟೆಗೆ, ಶಾಲೆಯ ಹೊತ್ತಿನಲ್ಲಿ, ಪಿಂಡಿ ಹಿಡಿದು ಆ ಸಾಲಿಗೆ ಹೋದಳು. ಹದಿಮೂರು ಮಕ್ಕಳು ಅಲ್ಲಿಯೇ ಇದ್ದರು. ಉಳಿದಿಬ್ಬರ ಮನೆಯವರು ಇನ್ನೂ ಮುಂದಿನ ಯಾವುದೋ ಊರಿಗೆ ಹೋಗಿದ್ದರಂತೆ.

"ಟೇಪಕ್ಕ! ಟೇಪಕ್ಕ ಬಂದ್ಲು!"

ಹದಿಮೂರೂ ಮಕ್ಕಳು ಕೋಣೆಗಳಿಗೆ ಓಡಿ ಬಟ್ಟೆ ಹಾಕಿಕೊಂಡು ಬಂದರು. ಸಾಲಾಗಿ ನಿಂತರು. ಟೇಪಕ್ಕ ಒಬ್ಬೊಬ್ಬರದೇ ಭುಜ ಎಳೆದು, ಸೊಂಟದಲ್ಲಿ ಬೆರಳು ತೂರಿಸಿ ನೋಡಿದಳು. ಎರಡು ಬೆರಳು ಕೊಟ್ಟಲ್ಲಿ ಎರಡು, ಒಂದೂವರೆ ಕೊಟ್ಟಲ್ಲಿ ಒಂದೂವರೆ. ಟೇಪು ಹಿಡಿದು ಅಳೆದಂತೆ ಕೂತಿತ್ತು. ಒಂದು ಕ್ಷಣ ಅವಳ ಎದೆ ಉಬ್ಬಿತು.

ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಮೂಲೆಮನೆಯಲ್ಲಿ ಆ ಮೂವರ ನಂತರ ಹುಟ್ಟಿದ ಕೊನೆಯ ಮಗಳು ಲಂಗವನ್ನು ಒಂದು ಸುತ್ತು ತಿರುಗಿಸಿ ಕೇಳಿದಳು: "ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?"

"ಶಾಲೆಗೆ ಕಣೇ. ಹೌದು, ನೀವೆಲ್ಲ ಈ ಹೊತ್ತಿನಲ್ಲಿ ಮನೆಯಲ್ಲಿ ಏನು ಮಾಡ್ತಿದೀರ?"

"ಇಲ್ಲಿ ನಮ್ಮನ್ನ ಸೇರಿಸ್ಕೊಳ್ಳಲ್ಲ."

ಗುಬ್ಬಿಯ ತಾಯಿ ನಲ್ಲಿಯ ಹತ್ತಿರದಿಂದ ಕೊಡ ಹಿಡಿದೇ ಬಂದಳು. "ನಮ್ಮ ಊರ ಶಾಲೆಯಿಂದ ಬಿಡುಗಡೆ ಪತ್ರ ತನ್ನಿ ಅಂತಾರೆ. ದೊಡ್ಡ ಟೀಚರಿಗೆ ಮೂರು ಸಲ ಫೋನ್ ಮಾಡ್ದೆ. ಕಳಿಸ್ತೀನಿ ಕಳಿಸ್ತೀನಿ ಅಂತಾರೆ. ಅವರಿಗೇನು ಕೈಗೆ ಲಕ್ವ ಹೊಡೆದಿದ್ಯಾ?"

"ಹಾಗೆಲ್ಲ ಅನ್ನಬೇಡ. ಏನೋ ಕೆಲಸದ ಗಡಿಬಿಡಿ ಇರಬೇಕು."

"ಹನ್ನೊಂದು ಮಕ್ಕಳಿಗೆ ಅದೆಂಥ ಗಡಿಬಿಡಿ?"

ಟೇಪಕ್ಕ ಗುಬ್ಬಿಯ ಕೈ ಹಿಡಿದು, ಹೊಸ ಬಟ್ಟೆಯಲ್ಲೇ, ಅಲ್ಲಿನ ಶಾಲೆಗೆ ನಡೆದಳು. ಕಚೇರಿಯ ಗುಮಾಸ್ತ ತೆಳ್ಳನೆಯ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಮಗುವಿನ ಹೆಸರು, ಊರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದ. ಆಮೇಲೆ ಪರದೆಯನ್ನು ಇವರ ಕಡೆ ತಿರುಗಿಸಿದ.

"ನೀವೇ ನೋಡಿ. ಬಹಳ ಒಳ್ಳೆ ಹುಡುಗಿ. ಶಾಲೆ ತೆರೆದಾಗಿಂದ ಒಂದು ದಿನಾನೂ ತಪ್ಪಿಸಿಲ್ಲ."

"ಯಾವ ಶಾಲೆ?"

"ನಿಮ್ಮೂರಿನದೇ. ನಿನ್ನೆ ಹಾಜರು. ಇವತ್ತು, ಹತ್ತೂಕಾಲಿಗೆ, ಹಾಜರು." ಕನ್ನಡಕದ ಮೇಲಿಂದ ಗುಬ್ಬಿಯನ್ನು ನೋಡಿದ. "ಒಂದು ಮಗು ಎರಡು ಶಾಲೇಲಿ ಕೂರೋಕಾಗುತ್ತೇನಮ್ಮ? ಅಲ್ಲಿ ಹೆಸರು ತೆಗೆಸಿ, ಇಲ್ಲಿ ಹತ್ತು ನಿಮಿಷದ ಕೆಲಸ. ಈ ತಿಂಗಳ ಕೊನೆ ಒಳಗೆ. ಆಮೇಲೆ ಈ ವರ್ಷ ಮುಗೀತು."

ಗುಬ್ಬಿ ಪರದೆಯ ಮೇಲೆ ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿಕೊಂಡಳು. "ನಾನು ಅಲ್ಲಿದೀನಾ?" ಎಂದು ಕೇಳಿದಳು.

ಟೇಪಕ್ಕನ ಕಾಲು ತಾನಾಗಿ ಆಡತೊಡಗಿತ್ತು. ಬಿಡುಗಡೆ ಪತ್ರ ಯಾಕೆ ಬರಲಿಲ್ಲ, ದೊಡ್ಡ ಟೀಚರ್ ಯಾಕೆ ಪಾರ್ಸೆಲ್ ಮಾಡು ಎಂದರು, ಎಲ್ಲವೂ ಅಲ್ಲಿಯೇ, ನಿಂತಲ್ಲೇ, ಅರ್ಥವಾಯಿತು.

ಸಂಜೆ ಪಾಳಿ ಮುಗಿಸಿ ಬಂದ ಗಂಡನಿಗೆ ಹೇಳಿದಳು. ಅವನು ಕೈಕಾಲು ತೊಳೆದುಕೊಳ್ಳುತ್ತ ಕೇಳಿಸಿಕೊಂಡ.

"ಹೆಸರು ತೆಗೆದ್ರೆ ಶಾಲೆ ಮುಚ್ಚುತ್ತೆ," ಎಂದ.

"ಗೊತ್ತು."

"ಮುಚ್ಚಿದ್ರೆ ನೀನು ಇಲ್ಲಿಗೆ ಬರ್ತೀಯ. ಒಳ್ಳೇದೇ ಆಯ್ತಲ್ಲ."

"ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡ!"

"ನಾನು ಹಾಕಿಲ್ಲ ಮಾರಾಯ್ತಿ. ಗಂಟು ಹಾಕಿದ್ದು ನೀನೇ. ಶಾಲೆ ಇರೋವರೆಗೂ ಇರ್ತೀನಿ ಅಂದದ್ದು ಯಾರು?"

ಅವಳು ಉಳಿದ ಎರಡು ಜೊತೆ ಬಟ್ಟೆಯನ್ನು ಚೀಲಕ್ಕೆ ತುರುಕಿದಳು. ಮರುದಿನ ಆರು ಗಂಟೆಗಳ ಬಸ್ ಪ್ರಯಾಣದಲ್ಲಿ ಒಂದು ನಿಮಿಷವೂ ಕಣ್ಣು ಮುಚ್ಚಲಿಲ್ಲ. ಕಿಟಕಿಯ ಪಕ್ಕದಿಂದ ಎದ್ದು ಈಚೆಗೆ ಕೂತಳು, ಮತ್ತೆ ಕಿಟಕಿಗೆ ಹೋದಳು. ಹಿಂದಿನ ಸೀಟಿನವನು, "ಅಕ್ಕಾ, ಒಂದು ಕಡೆ ಕೂರಿ, ಬಸ್ ವಾಲುತ್ತೆ," ಎಂದು ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ. ದೊಡ್ಡ ಟೀಚರನ್ನು ಬಾಯಿಗೆ ಬಂದಂತೆ ಬಯ್ಯಬೇಕೆಂದು ಮಾತು ಕೂಡಿಸುತ್ತಿದ್ದಳು. ಅದರ ಅಡಿಯಲ್ಲಿ ಇನ್ನೊಂದು ಯೋಚನೆ ಹುಳದಂತೆ ಹರಿದಾಡುತ್ತಿತ್ತು: ಟೀಚರ್ ಆಗುವುದಿಲ್ಲ ಎಂದುಬಿಟ್ಟರೆ? ನಾನು ಕೇಳಿದ್ದೆ, ಅವರು ಒಪ್ಪಲಿಲ್ಲ ಎಂದು ಹೇಳಬಹುದು. ಶಾಲೆ ಉಳಿಯುತ್ತದೆ, ಮೆಷಿನ್ ಕಿಟಕಿಯ ಪಕ್ಕ ಉಳಿಯುತ್ತದೆ, ತಪ್ಪು ತನ್ನದಲ್ಲ. ಹಾಗೆ ಆದರೆ ಒಳ್ಳೆಯದಿತ್ತು ಎಂದು ತನಗೆ ಅನ್ನಿಸುತ್ತಿದೆ ಎಂಬುದು ಗೊತ್ತಾದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಊರಲ್ಲಿ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಶಾಲೆಗೆ ಹೋದಳು. ಮಕ್ಕಳು ಹೋಗಿಯಾಗಿತ್ತು. ದೊಡ್ಡ ಟೀಚರ್ ಬೆಂಚುಗಳನ್ನು ಸಾಲಾಗಿ ಇಡುತ್ತಿದ್ದರು. ಹನ್ನೊಂದು ಮಕ್ಕಳಿಗೆ ನಾಲ್ಕು ಬೆಂಚು ಸಾಕು. ಅವರು ಹದಿನಾಲ್ಕನ್ನೂ ಸರಿಮಾಡುತ್ತಿದ್ದರು.

"ಗುಬ್ಬಿ ಇವತ್ತು ಶಾಲೆಗೆ ಬಂದಿದ್ಲಾ ಟೀಚರ್?"

ದೊಡ್ಡ ಟೀಚರ್ ಬೆಂಚು ಬಿಟ್ಟು ನಿಂತರು. ಆಮೇಲೆ ಅಲ್ಲಿಯೇ, ಮಕ್ಕಳ ಬೆಂಚಿನ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು.

"ತಿರುಗಿ ಬರ್ತಾರೆ ಅಂದ್ಕೊಂಡೆ. ಮೊದಲ ವಾರ ಹಾಜರು ಹಾಕಿದೆ, ಬಂದ್ಮೇಲೆ ಸರಿಹೋಗುತ್ತೆ ಅಂತ. ಎರಡನೇ ವಾರ ತೆಗೆಯೋಕೆ ಕೈ ಬರಲಿಲ್ಲ."

"ಅವರಮ್ಮ ಮೂರು ಸಲ ಫೋನ್ ಮಾಡಿದ್ಲಂತೆ."

"ಮಾಡಿದ್ಲು." ಟೀಚರ ದನಿ ಏರಿತು. "ನಾನು ಯಾರಿಗಾಗಿ ಮಾಡ್ದೆ ಇದನ್ನ? ನನಗೇನು, ಎಲ್ಲಿಗೆ ಹಾಕಿದ್ರೂ ಹೋಗ್ತೀನಿ. ಈ ಹನ್ನೊಂದು ಮಕ್ಕಳ ಗತಿ? ಒಂದನೇ ತರಗತಿಯವು ಒಂಬತ್ತು ಕಿಲೋಮೀಟರ್ ಹೋಗ್ತವಾ? ಶಾಲೆ ಮುಚ್ಚಿದ್ರೆ ಈ ಹನ್ನೊಂದು ಮನೆಯೂ ಖಾಲಿ ಆಗುತ್ತೆ. ಮತ್ತೆ ನೀನು? ನಿನ್ನ ಮೆಷಿನ್ನು?"

"ಅದಕ್ಕೇ ನಾನೇ ಬಂದು ಕೇಳ್ತಿರೋದು. ನನಗೂ ಸೇರಿಸಿ ಮಾಡಿದ್ರಿ ನೀವು. ನನಗೆ ಬೇಡ."

"ಸುಲಭವಾಗಿ ಹೇಳ್ತೀಯ."

"ಸುಲಭ ಇಲ್ಲ ಟೀಚರ್. ಬಸ್ಸಲ್ಲಿ ಬರ್ತಾ ನೀವು ಒಲ್ಲೆ ಅಂದ್ರೆ ಸಾಕಪ್ಪಾ ಅಂದ್ಕೊಂಡೆ. ದೇವರಾಣೆ." ಟೇಪಕ್ಕ ಎದುರು ಬೆಂಚಿನಲ್ಲಿ ಕೂತಳು. "ಹನ್ನೊಂದಕ್ಕೆ ಏನಾದ್ರೂ ದಾರಿ ಹುಡುಕಬಹುದು, ಬಸ್ಸೋ ವ್ಯಾನೋ. ಆ ಹದಿಮೂರು ಗಾಜಿನ ಚೂರಿನ ನಡುವೆ ಕೂತಿವೆ. ನಾನು ಹೊಲಿದ ಬಟ್ಟೆ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ ಅಂತ ಕೇಳ್ತವೆ. ನಾನು ಏನು ಹೇಳ್ಲಿ?"

"ಸುಳ್ಳು ಹಾಜರಿ ಹಾಕಿದ್ದು ಗೊತ್ತಾದ್ರೆ ನನ್ನ ಕೆಲಸಕ್ಕೇ ಕುತ್ತು."

"ಬರಬಹುದು," ಎಂದಳು ಟೇಪಕ್ಕ. ಸಮಾಧಾನದ ಮಾತು ಹೇಳಲು ಹೋಗಲಿಲ್ಲ.

ದೊಡ್ಡ ಟೀಚರ್ ಎದ್ದು ಕಿಟಕಿಯವರೆಗೆ ಹೋದರು, ಬಂದರು, ಮತ್ತೆ ಹೋದರು. ಕೊನೆಗೆ ಬೀರುವಿನ ಬಾಗಿಲು ತೆರೆದು ಹಾಜರಿ ಪುಸ್ತಕವನ್ನೂ ಬಿಡುಗಡೆ ಪತ್ರಗಳ ಕಟ್ಟನ್ನೂ ಮೇಜಿನ ಮೇಲಿಟ್ಟರು. ಒಬ್ಬೊಬ್ಬರ ಹೆಸರನ್ನೂ ಗುಂಡಗಿನ ಅಕ್ಷರದಲ್ಲಿ ಬರೆದರು. ಟೇಪಕ್ಕ ಎದುರು ಕೂತು ಶಾಯಿ ಆರಲೆಂದು ಪತ್ರಗಳನ್ನು ಒಂದೊಂದಾಗಿ ಬೆಂಚುಗಳ ಮೇಲೆ ಹರಡಿದಳು. ಒಂಬತ್ತನೆಯದು ಬರೆಯುವಾಗ ಟೀಚರ್ ಪೆನ್ನು ಕೆಳಗಿಟ್ಟು, "ಇವನಿಗೆ ಗುಣಾಕಾರ ಬರಲ್ಲ, ಅಲ್ಲಿಯವರಿಗೆ ಹೇಳು," ಎಂದರು. "ಗದರಿದ್ರೆ ಇನ್ನೂ ಮರೀತಾನೆ."

"ಹೇಳ್ತೀನಿ."

"ಬರೆದು ಕೊಡ್ಲಾ?"

"ಬರೆದು ಕೊಡಿ."

ಮರುದಿನ ಬೆಳಗಿನ ಬಸ್ಸಿಗೆ ಟೇಪಕ್ಕ ಮತ್ತೆ ಹತ್ತಿದಳು. ಹದಿಮೂರೂ ಮಕ್ಕಳನ್ನು ಅವಳೇ ಕರೆದುಕೊಂಡು ಹೋಗಿ ಗುಮಾಸ್ತನ ಮುಂದೆ ನಿಲ್ಲಿಸಿದಳು. "ಎಲ್ಲರೂ ಒಂದೇ ಸಲ ಬಂದ್ರೆ ಹೇಗಮ್ಮ," ಎಂದು ಅವನು ಗೊಣಗಿದ. ಹತ್ತು ನಿಮಿಷ ಎಂದದ್ದು ಮೂರು ಗಂಟೆಯಾಯಿತು. ಆದರೂ ಎಲ್ಲರ ಹೆಸರನ್ನೂ ಸೇರಿಸಿಕೊಂಡ.

ದೊಡ್ಡ ಟೀಚರ್ ಇಲಾಖೆಯ ಕಚೇರಿಗೆ ತಾವೇ ಪತ್ರ ಬರೆದು ನಡೆದದ್ದನ್ನು ಹೇಳಿದರು. ವಿಚಾರಣೆಯಾಯಿತು. ಕೆಲಸ ಹೋಗಲಿಲ್ಲ, ಛೀಮಾರಿ ಬಿತ್ತು. ಎರಡು ತಿಂಗಳಲ್ಲಿ ಶಾಲೆಗೆ ಬೀಗ ಬಿತ್ತು. ಹನ್ನೊಂದು ಮಕ್ಕಳಲ್ಲಿ ಎಂಟು ವ್ಯಾನಿನಲ್ಲಿ ಕೂಡುರಸ್ತೆಯ ಶಾಲೆಗೆ ಹೋಗತೊಡಗಿದವು. ಎರಡು ಮನೆಯವರು ಊರು ಬಿಟ್ಟರು, ಅವರೊಂದಿಗೆ ಎರಡು ಮಕ್ಕಳು. ಒಬ್ಬ ಹುಡುಗಿಯನ್ನು ಮನೆಯವರು ವ್ಯಾನಿಗೆ ಹತ್ತಿಸಲಿಲ್ಲ. ಕೂಡುರಸ್ತೆಯ ಶಾಲೆಗೇ ವರ್ಗವಾಗಿದ್ದ ದೊಡ್ಡ ಟೀಚರ್ ನಾಲ್ಕು ಸಲ ಆ ಮನೆಗೆ ಹೋಗಿ ಬಂದರು. ಆ ಹುಡುಗಿಯ ವಿಷಯ ಬಂದಾಗ ಟೇಪಕ್ಕ ಈಗಲೂ ಮಾತು ಬೇರೆ ಕಡೆಗೆ ತಿರುಗಿಸುತ್ತಾಳೆ.

ಶಾಲೆ ಮುಚ್ಚಿದ ಮೇಲೆ ಒಂದು ತಿಂಗಳು ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಊರೊಳಗೆ ಸುತ್ತಿದಳು. ಹೋಗುವುದೋ ಬಿಡುವುದೋ ಎಂದು ದಿನಕ್ಕೊಂದು ಮಾತು. ಒಂದು ಬೆಳಿಗ್ಗೆ ಎದ್ದು ನೋಡುವಾಗ ಅತ್ತೆ ತನ್ನ ಚೀಲ ಕಟ್ಟಿ ಬಾಗಿಲಲ್ಲಿ ಕೂತಿದ್ದಳು.

"ಎಲ್ಲಿಗೆ ಅತ್ತೆ?"

"ಮಗನ ಹತ್ತಿರ. ನಾನು ಮೂರು ವರ್ಷದ ಹಿಂದೆಯೇ ಹೊರಟಿದ್ದೆ. ನೀನು ಬಾಗಿಲಿಗೆ ಅಡ್ಡ ಕೂತು ಹೊಲೀತಾ ಇದ್ಯಲ್ಲ, ದಾಟೋದು ಹೇಗೆ?"

"ಅಲ್ಲಿ ಒಂದೇ ಕೋಣೆ, ಒಂದು ನಲ್ಲಿ."

"ಇಲ್ಲಿ ಮೂರು ಕೋಣೆ ಇದೆ, ಮಾತಾಡೋಕೆ ಜನ ಎಲ್ಲಿ? ಏಳು, ಬಸ್ಸಿನ ಹೊತ್ತಾಯ್ತು."

ಮೆಷಿನ್ನನ್ನು ಬಸ್ಸಿನ ಮೇಲೆ ಏರಿಸಲು ಡ್ರೈವರ್, ಕಂಡಕ್ಟರ್ ಇಬ್ಬರೂ ಇಳಿದು ಬಂದು ಕೈ ಕೊಡಬೇಕಾಯಿತು.

ಟೇಪಕ್ಕ ಈಗ ಬಾಟಲಿ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿದ್ದಾಳೆ. ಕುಲುಮೆಯವರು ತೊಡುವ ದಪ್ಪ ಕೈಗವಸು ಹೊಲಿಯುತ್ತಾಳೆ, ಬೆಳಗಿನ ಪಾಳಿ. ಮಧ್ಯಾಹ್ನದ ಮೇಲೆ ಕೋಣೆಯ ಹೊರಗೆ ಮೆಷಿನ್ ಹಾಕಿಕೊಂಡು ಸಾಲಿನ ಮಕ್ಕಳ ಬಟ್ಟೆ ರಿಪೇರಿ ಮಾಡುತ್ತಾಳೆ. ಹೊಸದಾಗಿ ಯಾರ ಮನೆಯಾದರೂ ಆ ಸಾಲಿಗೆ ಬಂದರೆ, ಮಕ್ಕಳ ಬಿಡುಗಡೆ ಪತ್ರ ತಂದಿದ್ದಾರೆಯೇ ಎಂದು ಕೇಳಲು ಮೊದಲು ಹೋಗುವವಳು ಅವಳೇ.